ನಗುವ ಮುಖದ ಮೇಲೆ ಬೆರಳು

ದುಂಡಗಿನ ನಗುವ ಮುಖದ ಚಿತ್ರ ಕಂಡರೆ ನನಗೀಗ ವಾಕರಿಕೆ ಬರುತ್ತದೆ. ಬೆಳಗಾದರೆ ಯಾರಾದರೊಬ್ಬರು ಮೊಬೈಲಿಗೆ ಅಂಥದ್ದೊಂದು ಕಳಿಸಿಯೇ ಕಳಿಸುತ್ತಾರೆ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ, ಹಿಂದಿನವರು ಬೆನ್ನಿಗೆ ಗುದ್ದುತ್ತಿದ್ದರೂ ನಿಂತು ಅದನ್ನು ಅಳಿಸಿ ಹಾಕುತ್ತೇನೆ. ನನ್ನ ಅತ್ತೆ ಬಸವಣ್ಣೆವ್ವ, “ಏನ ವೈಶಾಲಿ, ನಗೂ ಮಾರಿ ಮ್ಯಾಲ ಯಾಕವಾ ಇಷ್ಟು ಸಿಟ್ಟು?” ಎಂದು ಕೇಳುತ್ತಾರೆ. ಸಿಟ್ಟಲ್ಲ ಅದು, ಅಸಹ್ಯ. ಸಿಟ್ಟಾದರೆ ಒಂದು ಚಹಾ ಕುಡಿದರೆ ಇಳಿಯುತ್ತದೆ.

ಮಹಾಪೆಯ ಹತ್ತಿರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ, ಸುಟ್ಟಗಾಯದ ಮಕ್ಕಳ ವಾರ್ಡಿನಲ್ಲಿ ನನ್ನ ಕೆಲಸ. ಹೆಸರಿಗೆ ಸ್ಟಡಿ ಕೋಆರ್ಡಿನೇಟರ್, ಮಾಡುವುದು ದುಭಾಷಿಯ ಚಾಕರಿ. ಖಾರಘರದ ಗುಡ್ಡದ ಬುಡದಲ್ಲಿ ಏಳುತ್ತಿರುವ ಟವರುಗಳಿಗೆ ಇಟ್ಟಿಗೆ ಹೊರಲು ಕಲಬುರಗಿ, ರಾಯಚೂರು ಕಡೆಯಿಂದ ಬಂದವರು ತಗಡಿನ ಕೋಣೆಗಳ ಕ್ಯಾಂಪಿನಲ್ಲಿ ಇರುತ್ತಾರೆ. ಅಲ್ಲಿ ಒಲೆಯೂ ನೆಲದ ಮೇಲೆ, ಕೂಸೂ ನೆಲದ ಮೇಲೆ. ಹೀಗಾಗಿ ನಮ್ಮ ವಾರ್ಡಿನಲ್ಲಿ ಮಂಚ ಖಾಲಿ ಇದ್ದದ್ದನ್ನು ನಾನು ನೋಡಿಯೇ ಇಲ್ಲ.

ಆ ವಾರ್ಡಿನಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ನಡೆಸುತ್ತಿದ್ದವರು ಡಾಕ್ಟರ್ ಗುಣಪಾಲ. ಕಾರ್ಕಳದ ಕಡೆಯವರು, ಮನೆಯಲ್ಲಿ ತುಳು, ಠಾಣೆಯ ಮಾಜಿವಾಡಾದಲ್ಲಿ ದೊಡ್ಡ ಫ್ಲಾಟು. ನವೆಂಬರ್ ಬಂದರೆ ಕನ್ನಡ ಸಂಘದ ವೇದಿಕೆಯ ಮೇಲೆ ಶಾಲು ಹೊದ್ದು ನಿಂತು ಕನ್ನಡದ ಕಂದಮ್ಮಗಳ ಬಗ್ಗೆ ಮಾತಾಡುತ್ತಾ ಗಂಟಲು ಕಟ್ಟಿಸಿಕೊಳ್ಳುತ್ತಾರೆ, ಕರ್ಚೀಫು ತೆಗೆಯುತ್ತಾರೆ. ನಾನೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವಳೇ.

ಸಂಶೋಧನೆಯ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಡ್ರೆಸ್ಸಿಂಗ್ ಬದಲಿಸುವಾಗ ನೋವು ತಿಳಿಯದಿರಲೆಂದು ಮೊದಲು ಎಲ್ಲ ಮಕ್ಕಳಿಗೂ ಮೂಗಿಗೆ ಬಿಡುವ ಒಂದು ಗಟ್ಟಿ ಔಷಧ ಕೊಡುತ್ತಿದ್ದರು. ಅದನ್ನು ಕೊಟ್ಟ ಮೇಲೆ ಮಗುವಿನ ಉಸಿರು ನೋಡುತ್ತಾ ಒಬ್ಬ ನರ್ಸು ಕೂತೇ ಇರಬೇಕು. ಅದರ ಬದಲು ಬಾಯಿಗೆ ಹಾಕುವ ಸಾದಾ ಸಿರಪ್ಪು ಸಾಕಾಗುತ್ತದೆಯೇ? ಅರ್ಧ ಮಕ್ಕಳಿಗೆ ಅದು, ಅರ್ಧ ಮಕ್ಕಳಿಗೆ ಇದು. ಸಿರಪ್ಪು ಸಾಲದೆ ಹೋದರೆ ಡ್ರೆಸ್ಸಿಂಗ್ ಅಲ್ಲಿಗೇ ನಿಲ್ಲಿಸಿ ಮೂಗಿನ ಔಷಧ ಕೊಡಬೇಕೆಂಬ ನಿಯಮವೂ ಇತ್ತು.

ಸಾಲದೆ ಹೋಯಿತೆಂದು ಹೇಳುವವರು ಯಾರು? ಮಗುವೇ. ಅದಕ್ಕೊಂದು ಪಟ. ಪಟದಲ್ಲಿ ಸಾಲಾಗಿ ಆರು ದುಂಡು ಮುಖ. ಮೊದಲನೆಯದು ಬಾಯಿ ತುಂಬ ನಗುತ್ತದೆ, ಆಮೇಲಾಮೇಲೆ ಬಾಯಿ ಕೆಳಗಿಳಿಯುತ್ತಾ ಕೊನೆಯದು ಗೊಳೋ ಎಂದು ಅಳುತ್ತದೆ. “ನಿನಗೆ ಈಗ ಎಷ್ಟು ನೋವಾಗ್ತದೋ ಆ ಮುಖ ತೋರಿಸು” ಎಂದು ನಾನು ಕನ್ನಡದಲ್ಲಿ ಹೇಳಬೇಕು. ಇದೊಂದೇ ವಾಕ್ಯ. ಹೆಚ್ಚಿಗೆ ಒಂದು ಅಕ್ಷರ ಆಡಿದರೂ ಮಗುವಿಗೆ ಹೇಳಿಕೊಟ್ಟ ಹಾಗಾಗುತ್ತದೆ ಎಂದು ಗುಣಪಾಲರ ಕಟ್ಟಪ್ಪಣೆ. ಮಗು ನಗುವ ಮುಖದ ಮೇಲೆ ಬೆರಳಿಟ್ಟರೆ ಸೊನ್ನೆ, ಅಂದರೆ ನೋವೇ ಇಲ್ಲ.

ಜ್ಯೋತಿ ಬಂದದ್ದು ದೀಪಾವಳಿ ಕಳೆದ ಮೇಲೆ. ಆರು ವರ್ಷದ ಹುಡುಗಿ, ಎರಡು ಜಡೆ, ಮುಂದಿನ ಹಲ್ಲು ಬಿದ್ದು ಕಿಂಡಿ. ತಂದೆ ಸೈದಪ್ಪ ಮಹಾಪೆಯ ಗೋದಾಮಿನಲ್ಲಿ ಹಮಾಲ, ತಾಯಿ ಮರೆಮ್ಮ ಖಾರಘರದ ಟವರಿನಲ್ಲಿ ಇಟ್ಟಿಗೆ ಹೊರುವವಳು. ಕುದಿಯುವ ಬೇಳೆಯ ಬೋಗುಣಿ ಮಗುಚಿ ಹುಡುಗಿಯ ಎಡಗಾಲು ತೊಡೆಯಿಂದ ಹಿಮ್ಮಡಿಯವರೆಗೆ ಬೆಂದಿತ್ತು. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಅವಳನ್ನು ಸಿರಪ್ಪಿನ ಗುಂಪಿಗೆ ಹಾಕಿತು.

ಡ್ರೆಸ್ಸಿಂಗ್ ನೋಡದವರಿಗೆ ಅದು ಬರೀ ಬಟ್ಟೆ ಬದಲಿಸುವ ಕೆಲಸ. ಅಲ್ಲ. ಗಾಯಕ್ಕೆ ಅಂಟಿಕೊಂಡ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಮೂಲೆ ಹಿಡಿದು ಬಿಡಿಸಬೇಕು. ಎಷ್ಟು ನಿಧಾನ ಮಾಡಿದರೂ ಅದು ಹಸಿ ಮಾಂಸದಿಂದಲೇ ಬಿಡಬೇಕು. ನಮ್ಮ ನರ್ಸು ಸ್ನೇಹಲಳ ಕೈ ಹೂವಿನಂಥದ್ದು, ಆದರೂ ಆ ಕೋಣೆಯಿಂದ ಹೊರಗೆ ಬರುವಾಗ ಅವಳ ಬೆನ್ನು ಬೆವತಿರುತ್ತದೆ.

ಜ್ಯೋತಿ ಅಳಲಿಲ್ಲ. ತುಟಿ ಕಚ್ಚಿದಳು. ಕಣ್ಣು ಮೇಲಿನ ಚಾವಣಿಗೆ ನೆಟ್ಟಳು. ನಾನು ಪಟ ಹಿಡಿದು ಆ ಒಂದು ವಾಕ್ಯ ಹೇಳಿದೆ. ಹುಡುಗಿ ಒಮ್ಮೆ ತಾಯಿಯ ಕಡೆ ನೋಡಿದಳು, ಬೆರಳು ಎತ್ತಿ ನಗುವ ಮುಖದ ಮೇಲೆ ಇಟ್ಟಳು.

“ಅಗ ವೈಶಾಲಿ, ಪಾಯ ಬಘ ತಿಚಾ,” ಎಂದಳು ಸ್ನೇಹಲ್ ಮೆಲ್ಲಗೆ. ಕಾಲು ನೋಡಿದೆ. ಗಾಯವಿಲ್ಲದ ಬಲಗಾಲಿನ ಐದೂ ಬೆರಳು ಹಾಸಿಗೆಯ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದಿದ್ದವು.

“ಸರ್, ಹುಡುಗಿಗೆ ನೋವಾಗ್ತಿದೆ,” ಎಂದೆ.

ಗುಣಪಾಲರು ಪಟದ ಮೇಲಿನ ಬೆರಳು ನೋಡಿದರು. “ಅವಳೇ ಹೇಳುತ್ತಿದ್ದಾಳಲ್ಲ ಮಾರಾಯ್ತಿ, ಇಲ್ಲ ಅಂತ. ಮಗುವಿನ ಮಾತಿಗೆ ಬೆಲೆ ಕೊಡಬೇಕು. ಸೊನ್ನೆ ಹಾಕಿ,” ಎಂದು ಮುಂದಿನ ಮಂಚಕ್ಕೆ ಹೋದರು.

ಮುಂದಿನ ಡ್ರೆಸ್ಸಿಂಗಿಗೂ ಸೊನ್ನೆ. ಅದರ ಮುಂದಿನದಕ್ಕೂ ಸೊನ್ನೆ. ಪಕ್ಕದ ಮಂಚದ, ಜ್ಯೋತಿಯ ಕ್ಯಾಂಪಿನದೇ ಹುಡುಗನಿಗೂ ಸೊನ್ನೆ. ಗುಜರಾತಿ ಮಗು, ಮರಾಠಿ ಮಗು, ಭಿವಂಡಿಯ ಹಿಂದಿ ಮಗು, ಎಲ್ಲವೂ ಅಳುವ ಮುಖವನ್ನು ತೂತಾಗುವಂತೆ ಚುಚ್ಚಿ ತೋರಿಸಿ ಮೂಗಿನ ಔಷಧ ಪಡೆಯುತ್ತಿದ್ದವು. ನಮ್ಮ ಕಡೆಯ ಮಕ್ಕಳು ಮಾತ್ರ ಹಲ್ಲು ಕಚ್ಚಿ ನಗುವ ಮುಖ ಮುಟ್ಟುತ್ತಿದ್ದವು.

ಆ ವಾರ ದುಡ್ಡು ಕೊಡುವ ಕಂಪನಿಯವರ ಜೊತೆ ಆನ್‌ಲೈನ್ ಮೀಟಿಂಗು. ಗುಣಪಾಲರು ಟೈ ಕಟ್ಟಿಕೊಂಡು ಪರದೆಯ ಮೇಲೆ ಒಂದು ಬಣ್ಣದ ಗ್ರಾಫು ತೋರಿಸಿದರು. ಇಂಗ್ಲಿಷಿನಲ್ಲಿ ಅವರು ಹೇಳಿದ್ದರ ಸಾರಾಂಶ ಇಷ್ಟು: ಕರ್ನಾಟಕದ ಕೂಲಿಯವರ ಮಕ್ಕಳಿಗೆ ಸಾದಾ ಸಿರಪ್ಪೇ ಧಾರಾಳ ಸಾಕು, ಏಕೆಂದರೆ ಆ ಜನಕ್ಕೆ ನೋವು ತಡೆಯುವ ಶಕ್ತಿ ಹುಟ್ಟಿನಿಂದಲೇ ಹೆಚ್ಚು, ಇದು ಹೊಸ ಸಂಗತಿ, ಇದರ ಮೇಲೆ ಬೇರೆಯೇ ಒಂದು ಪೇಪರು ಮಾಡಬಹುದು. ಪರದೆಯ ಆ ಕಡೆಯವರು ತಲೆಯಾಡಿಸಿದರು. ಒಬ್ಬ ಬಿಸ್ಕತ್ತು ತಿನ್ನುತ್ತಿದ್ದ.

ಥೂ! ದನಕ್ಕೆ ಚರ್ಮ ದಪ್ಪ ಅನ್ನುವ ಹಾಗೆ ಅಂದುಬಿಟ್ಟರಲ್ಲ! ಶಾಲು ಹೊದ್ದು ಕಣ್ಣೊರೆಸಿಕೊಂಡ ಬಾಯಿಯೇ ಇದನ್ನು ಆಡಿತಲ್ಲ! ನನ್ನ ಮೈಯೆಲ್ಲ ಉರಿಯಿತು. ಅಲ್ಲಿಂದೆದ್ದು ಸೀದಾ ಕೆಳಗೆ ಬಂದೆ.

ಆಸ್ಪತ್ರೆಯ ಗೇಟಿನ ಪಕ್ಕದ ಚಹಾದ ಟಪರಿ ಅಂಗಡಿಯ ಹತ್ತಿರ ಮರೆಮ್ಮ ಜ್ಯೋತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಿಸಿಲು ಕಾಯಿಸುತ್ತಿದ್ದಳು. ಬಿಸ್ಕತ್ತು ಚಹಾದಲ್ಲಿ ಅದ್ದಿ ಮಗಳ ಬಾಯಿಗಿಡುತ್ತಿದ್ದಳು. ಇಲ್ಲಿ ಯಾವ ಕಟ್ಟಪ್ಪಣೆಯೂ ಇಲ್ಲ ಎಂದುಕೊಂಡು ಪಕ್ಕದಲ್ಲಿ ಕೂತೆ.

“ಜ್ಯೋತಿ, ಖರೇ ಹೇಳು. ಬಟ್ಟಿ ಬಿಚ್ಚುವಾಗ ನೋವಾಗ್ತದ ಹೌದಿಲ್ಲೋ?”

ಹುಡುಗಿ ತಾಯಿಯ ಮುಖ ನೋಡಿದಳು.

“ಮತ್ತ ನಗೂ ಮಾರಿ ಯಾಕ ತೋರಸ್ತಿ?”

“ಅಳಾ ಮಾರಿ ಮ್ಯಾಲ ಬೆರಳ ಇಟ್ರ ಆ ಅಳು ನಂಗ ಹತ್ತತದ,” ಎಂದಳು ಜ್ಯೋತಿ. “ಅವ್ವ ಹೇಳ್ಯಾಳ.”

“ಬಿಡ್ತು ಅನ್ನು!” ಎಂದು ಮರೆಮ್ಮ ಮಗಳ ಬಾಯಿಗೆ ಮೆಲ್ಲಗೆ ಹೊಡೆದಳು. ಹುಡುಗಿ ಪಾಠ ಒಪ್ಪಿಸುವಂತೆ “ಬಿಡ್ತು” ಎಂದಳು.

ಇದು ನನಗೆ ಗೊತ್ತಿಲ್ಲದ್ದೇ? ಮನೆಯಲ್ಲಿ ಬಸವಣ್ಣೆವ್ವ ದಿನಕ್ಕೆಷ್ಟು ಸಲ ಅನ್ನಿಸುವುದಿಲ್ಲ! ಯಾರದೋ ಕೈ ಮುರಿದ ಸುದ್ದಿ ಹೇಳುತ್ತಾ ನನ್ನ ಕೈ ಮುಟ್ಟಿ ತೋರಿಸಿದರೆ, “ನಿನ್ನ ಮೈ ಮ್ಯಾಲ ತೋರಸಬ್ಯಾಡ, ಬಿಡ್ತು ಅನ್ನು” ಎಂದು ಬೈಯುತ್ತಾರೆ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು, ಮೇಲೆ ಅಸ್ತು ಅನ್ನುವವರು ಓಡಾಡುತ್ತಿರುತ್ತಾರೆ. ಅಂಥಾದ್ದರಲ್ಲಿ ಹಾಸಿಗೆ ಹಿಡಿದ ಕೂಸಿಗೆ ಅಳುವ ಮುಖ ತೋರಿಸಿ, ಇದು ನೀನು ಅಂತ ಬೆರಳಿಡು ಎಂದರೆ ಯಾವ ತಾಯಿ ಇಡಿಸುತ್ತಾಳೆ?

“ಮರೆಮ್ಮ, ಅದು ಬರೇ ಚಿತ್ರ,” ಎಂದೆ. “ಅಳೂ ಮಾರಿ ತೋರಿಸಿದ್ರ ಗಟ್ಟಿ ಔಷಧ ಹಾಕ್ತಾರ. ಕೂಸಿಗಿ ನೋವು ಆಗಂಗಿಲ್ಲ.”

ಮರೆಮ್ಮ ಚಹಾದ ಲೋಟ ನೆಲಕ್ಕಿಟ್ಟಳು. “ನಿಮಗ ಚಿತ್ರ ಅದ ಬಾಯಾರ. ನನ್ನ ಹಿರೀ ಮಗ ರೇವಣಸಿದ್ದ ಅಂತ ಇದ್ದ. ಜ್ವರ ಬಂದು ಮಲಗಿದ್ದ. ಅವ್ವಾ ನಾ ಉಳಿಯಂಗಿಲ್ಲ ಅಂದ. ಬಿಡ್ತು ಅನ್ನೋ ಅಂದ್ರ ಅನ್ನಲಿಲ್ಲ ನನ್ನ ಹುಡುಗ, ಹಟ ಮಾಡ್ದ. ಹೊತ್ತು ಮುಳುಗಾದ್ರಾಗ ಹೋಗಿಬಿಟ್ಟ.” ಸೆರಗಿನಿಂದ ಜ್ಯೋತಿಯ ಬಾಯಿ ಒರೆಸಿದಳು. “ಈಕಿ ಬಾಯಿಲೆ ನಾ ಅನ್ನಸಂಗಿಲ್ರಿ. ಬೆರಳ ಇಡಸಂಗಿಲ್ಲ. ನೋವಾದ್ರ ಆಗಲಿ, ಕೂಸು ಉಳೀಲಿ.”

ಅದು ಮೂಢನಂಬಿಕೆ ಎಂದು ನಾನು ಭಾಷಣ ಬಿಗಿಯಲಿಲ್ಲ. ಎರಡು ಬೊಗಸೆ ನೀರು ಮುಖಕ್ಕೆ ಹಾಕಿಕೊಂಡು ಮೇಲೆ ಹೋದೆ.

ಗುಣಪಾಲರಿಗೆ ಎಲ್ಲ ಹೇಳಿದೆ. ಅಯ್ಯೋ ಹೌದೇ, ತಪ್ಪಾಯಿತಲ್ಲ, ಪಟ ಪಕ್ಕಕ್ಕಿಡಿ, ಕಾಲು ನೋಡಿ, ಉಸಿರು ನೋಡಿ ಅಳೆಯೋಣ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಅವರು ಕನ್ನಡಕ ತೆಗೆದು ನಕ್ಕರು.

“ನನ್ನ ಅಮ್ಮನೂ ಹಾಗೇ. ಬಿಡ್ತು ಅನ್ನು, ಬಿಡ್ತು ಅನ್ನು ಅಂತ ಈಗಲೂ ಫೋನಿನಲ್ಲಿ ಹೇಳುತ್ತಾರೆ. ನನಗೆ ಗೊತ್ತಿಲ್ಲದ್ದು ಎಂಥ ಉಂಟು ಅದರಲ್ಲಿ?”

“ಗೊತ್ತಿತ್ತಾ ಸರ್ ನಿಮಗೆ?”

“ಮೊದಲ ವಾರವೇ ಗೊತ್ತಾಯಿತು. ಆದರೆ ಏನು ಮಾಡುವುದು, ಸ್ಟಡಿಯಲ್ಲಿ ಅದಕ್ಕೆ ಜಾಗ ಇಲ್ಲ. ಮಗು ಬೆರಳಿಟ್ಟದ್ದೇ ಸತ್ಯ. ಈಗ ನಡುವೆ ಅಳತೆಗೋಲು ಬದಲಾಯಿಸಿದರೆ ಮೊದಲಿನಿಂದ ಮಾಡಬೇಕು. ಕಂಪನಿಯವರು ಕಾಯುತ್ತಾರಾ?”

“ಹಾಗಾದರೆ ಆ ಮಕ್ಕಳಿಗೆ ನೋವು ಕಡಿಮೆ ಅಂತ ಯಾಕೆ ಹೇಳಿದಿರಿ?”

“ಡೇಟಾ ಹೇಳಿತು ಮಾರಾಯ್ತಿ, ನಾನಲ್ಲ.” ಎದುರಿನ ತಟ್ಟೆಯಿಂದ ಗೋಡಂಬಿ ಎತ್ತಿ ಬಾಯಿಗೆ ಹಾಕಿಕೊಂಡರು. ನನ್ನ ಕಡೆಗೂ ತಟ್ಟೆ ಸರಿಸಿದರು. “ತಗೊಳ್ಳಿ, ಊರಿಂದ ಬಂದದ್ದು.”

ಎಲಾ ಇವನ! ಗೊತ್ತಿಲ್ಲದವನು ಮಾಡಿದ್ದರೆ ತಿಳಿಸಿ ಹೇಳಬಹುದಿತ್ತು. ತಾಯಿಯ ಬಾಯಿಂದ ಆ ಮಾತು ಕೇಳಿಯೇ ಬೆಳೆದವನು, ಅದರ ಅರ್ಥ ಗೊತ್ತಿದ್ದೂ, ಕೂಸು ಹಲ್ಲು ಕಚ್ಚಿದ್ದನ್ನು ಗ್ರಾಫು ಮಾಡಿ ತೋರಿಸಿದನಲ್ಲ! ತಟ್ಟೆಯನ್ನು ಅವರ ಕಡೆಗೇ ತಳ್ಳಿದೆ.

“ನಾನು ಎಥಿಕ್ಸ್ ಕಮಿಟಿಗೆ ಬರೆಯುತ್ತೇನೆ,” ಎಂದೆ.

“ಬರೆಯಿರಿ, ನಿಮ್ಮ ಹಕ್ಕು. ಅವರು ಸೇರುವುದು ಮುಂದಿನ ತಿಂಗಳು.” ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದು ಇನ್ನೂ ಅಸಹ್ಯ.

ಅಂದು ಸಂಜೆಯೇ ಬರೆದು ಕಳಿಸಿದೆ. ಆದರೆ ಜ್ಯೋತಿಯ ಮುಂದಿನ ಡ್ರೆಸ್ಸಿಂಗ್ ಮರುದಿನ ಬೆಳಿಗ್ಗೆ. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ, ಲೇಡೀಸ್ ಡಬ್ಬಿಯಲ್ಲಿ ಜೋತು ನಿಂತಿರುವಾಗ, ತಲೆಯಲ್ಲಿ ಒಂದೇ ಯೋಚನೆ: ನಾಳೆ ಆ ಹುಡುಗಿಗೆ ಮೂಗಿನ ಔಷಧ ಸಿಗುತ್ತದೋ ಇಲ್ಲವೋ?

ಬೆಳಿಗ್ಗೆ ಗುಣಪಾಲರು ಬೇಗನೇ ಬಂದಿದ್ದರು. ನನ್ನ ಮೇಲೆ ಕಣ್ಣಿಡಲಿಕ್ಕೇ ಬಂದಿದ್ದರು ಅನ್ನಿ. ಜ್ಯೋತಿಗೆ ಸಿರಪ್ಪು ಕುಡಿಸಿ ಆಗಿತ್ತು. ಸ್ನೇಹಲ್ ಬಟ್ಟೆ ನೆನೆಸಿ ಒಂದು ಮೂಲೆ ಎತ್ತಿದ್ದಳು ಅಷ್ಟೇ, ಹುಡುಗಿಯ ಮೈ ಬಿಲ್ಲಿನಂತೆ ಮೇಲೆದ್ದಿತು. ಗಂಟಲಿನಿಂದ ದನಿ ಹೊರಬರಲಿಲ್ಲ.

ನಾನು ಪಟ ಹಿಡಿದು ಆ ಒಂದು ವಾಕ್ಯ ಹೇಳಿದೆ. ಜ್ಯೋತಿಯ ಬೆರಳು ಎದ್ದಿತು. ನಗುವ ಮುಖದ ಕಡೆಗೇ ಹೊರಟಿತು.

ಅಷ್ಟರಲ್ಲಿ ಮರೆಮ್ಮ ಮುಂದೆ ಬಂದು ಮಗಳ ಕೈ ಹಿಡಿದಳು. ಅದನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟಳು. ಇಟ್ಟಿಗೆ ಹೊತ್ತು ಸೀಳಿದ ತನ್ನ ಬೆರಳನ್ನು ಕೊನೆಯ ಮುಖದ ಮೇಲೆ, ಗೊಳೋ ಎಂದು ಅಳುವ ಮುಖದ ಮೇಲೆ, ಒತ್ತಿ ಇಟ್ಟಳು.

“ಇದು ನಂದ್ರಿ ಸಾಹೇಬ್ರ,” ಎಂದಳು. “ನನ್ನ ಹೆಸರಿಲೆ ಬರಕೋರಿ. ಹತ್ತಾದಿದ್ರ ನಂಗ ಹತ್ತಲಿ. ಔಷಧ ಆಕಿಗಿ ಹಾಕ್ರಿ.”

ಆಡಬಾರದ್ದನ್ನು ಆಡಿದ ಹೆದರಿಕೆ ಮುಖದ ತುಂಬ. ಸತ್ತ ಮಗನನ್ನು ನೆನೆದೇ ಅವಳು ಆ ಮುಖ ಮುಟ್ಟಿದ್ದಳೆಂದು ನನಗೆ ಗೊತ್ತಿತ್ತು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಸ್ನೇಹಲ್ ಮುಖ ಆ ಕಡೆ ತಿರುಗಿಸಿದಳು.

ಗುಣಪಾಲರು ಗಡಿಯಾರ ನೋಡಿದರು. “ಅಮ್ಮನದ್ದು ಲೆಕ್ಕಕ್ಕೆ ಬರುವುದಿಲ್ಲ ಅಂತ ಹೇಳಿ ಅವರಿಗೆ. ಮಗು ಮೊದಲು ನಗುವ ಮುಖದ ಕಡೆ ಹೋಗಿತ್ತು, ನಾನು ನೋಡಿದ್ದೇನೆ. ಸೊನ್ನೆ. ಸಿಸ್ಟರ್, ಮುಂದುವರಿಸಿ.”

ಛೀ! ನನ್ನೊಳಗೆ ಏನೋ ಪಟ್ಟನೆ ಹರಿಯಿತು. ಪಟವನ್ನು ಮಗುಚಿ ಹಾಸಿಗೆಯ ಮೇಲೆ ಹಾಕಿದೆ.

“ಸ್ನೇಹಲ್, ಥಾಂಬ,” ಎಂದೆ. ಅವಳು ಮೊದಲೇ ಕೈ ನಿಲ್ಲಿಸಿದ್ದಳು. ಮರೆಮ್ಮನ ಕಡೆ ತಿರುಗಿದೆ. “ಮರೆಮ್ಮ, ನೀವು ಈ ಸಂಶೋಧನೆದಾಗ ಇರ್ತೀರೋ, ಒಲ್ಲಿರೋ? ಮೊದಲನೇ ದಿನಾನೂ ಹೇಳಿದ್ದೆ, ಈಗೂ ಹೇಳ್ತೀನಿ. ಒಲ್ಲೆ ಅಂದ್ರ ಯಾರೂ ದವಾಖಾನಿ ಬಿಡಸಂಗಿಲ್ಲ. ಬಿಟ್ಟು ಹೊರಬಂದ ಕೂಸಿಗಿ ಮೊದಲಿನ ಪದ್ಧತಿ ಪ್ರಕಾರ ಮೂಗಿನ ಔಷಧನ ಹಾಕತಾರ. ಯಾವ ಮಾರೀನೂ ತೋರಸೂದು ಬ್ಯಾಡ.”

“ವೈಶಾಲಿ!” ಎಂದರು ಗುಣಪಾಲರು. “ಇದು ಸರಿಯಲ್ಲ. ನೀವು ಹೇಳಿಕೊಡುತ್ತಿದ್ದೀರಿ.”

“ಮಗುವಿಗೆ ಹೇಳಿಕೊಟ್ಟಿಲ್ಲ ಸರ್. ತಾಯಿಗೆ ಅವರ ಹಕ್ಕು ಹೇಳಿದೆ. ನೀವೇ ಸಹಿ ಮಾಡಿದ ನಿಯಮ ಅದು.”

ಮರೆಮ್ಮ ನನ್ನ ಮುಖ ನೋಡಿದಳು, ಡಾಕ್ಟರ ಮುಖ ನೋಡಿದಳು. ನೋವು ಅದ ಅನ್ನಲು ಅವಳ ಬಾಯಿ ಏಳುತ್ತಿರಲಿಲ್ಲ. ಒಲ್ಲೆ ಎನ್ನುವ ಮಾತಿಗೆ ಅಂಥ ಭಯವೇನೂ ಇರಲಿಲ್ಲ. ಊರಲ್ಲಿ ಗೌಡರ ಮನೆಯಲ್ಲಿ ಹಳಸಿದ ಅನ್ನ ಕೊಟ್ಟರೂ ಆಡುವ ಮಾತೇ.

“ಒಲ್ಲೆವ್ರಿ,” ಎಂದಳು.

ಸ್ನೇಹಲ್ ಕಪಾಟಿನ ಕಡೆ ಓಡಿದಳು. ಗುಣಪಾಲರು ತಡೆಯಲಿಲ್ಲ, ತಡೆಯುವ ಹಾಗೂ ಇರಲಿಲ್ಲ. ಸಿಡುಕಿನಿಂದ ಡೋಸಿಗೆ ಸಹಿ ಹಾಕಿದರು. ಮೂಗಿನ ಎರಡೂ ಹೊಳ್ಳೆಗೆ ಔಷಧ ಬಿದ್ದಿತು. ಸ್ವಲ್ಪ ಹೊತ್ತಿಗೆ ಹುಡುಗಿಯ ಭುಜ ಇಳಿಯಿತು, ಆಮೇಲೆ ಮುಷ್ಟಿ ಸಡಿಲಾಯಿತು. ಬಲಗಾಲಿನ ಬೆರಳುಗಳು ಬಟ್ಟೆಯನ್ನು ಒಂದೊಂದಾಗಿ ಬಿಟ್ಟವು. ಸ್ನೇಹಲ್ ಹಳೆಯ ಪಟ್ಟಿ ಬಿಡಿಸಿ ಗಾಯ ತೊಳೆದು ಹೊಸ ಪಟ್ಟಿ ಸುತ್ತಿದಳು. ಮರೆಮ್ಮ ಮಗಳ ತಲೆ ಸವರುತ್ತಾ ಒಳಗೊಳಗೇ ಬಿಡ್ತು, ಬಿಡ್ತು ಅನ್ನುತ್ತಿದ್ದಳು. ತಾನು ಆಡಿದ್ದಕ್ಕೆ ತಾನೇ ಅಂದುಕೊಳ್ಳುತ್ತಿದ್ದಳು.

ಜ್ಯೋತಿ ಅರೆಗಣ್ಣು ಬಿಟ್ಟು ಗೋಡೆಯ ಕಡೆ ನೋಡಿದಳು. ಅಲ್ಲಿ ಅದೇ ಆರು ಮುಖದ ದೊಡ್ಡ ಪಟ ಅಂಟಿಸಿತ್ತು.

“ಅಕ್ಕಾ,” ಎಂದಳು, ಮಾತು ತೊದಲುತ್ತಿತ್ತು. “ನಂಗ ಆರಾಮಾತು. ಆ ಅಳಾ ಹುಡುಗಿಗಿ ಒಂದು ಹನಿ ಹಾಕ್ರಿ. ಪಾಪ, ನಾ ಬಂದಾಗಿಂದ ಅಳಲತಾಳ. ಯಾರೂ ಆಕಿನ್ನ ಮುಟ್ಟಂಗೇ ಇಲ್ಲ.”

ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಗುಣಪಾಲರು ಬಾಗಿಲಲ್ಲಿದ್ದವರು ತಿರುಗಿ ಬಂದರು. ಕೇಳಿಸಿತ್ತು ಅವರಿಗೆ. ಮುಖ ಅರಳಿತ್ತು. “ಎಷ್ಟು ಮುದ್ದಾಗಿ ಹೇಳಿದಳಲ್ವಾ! ಇದನ್ನು ಪ್ರೆಸೆಂಟೇಶನ್ನಿನ ಮೊದಲ ಸ್ಲೈಡಿಗೆ ಹಾಕುವ. ಇವಳ ನಗುವ ಫೋಟೋ ಒಂದು ಉಂಟಾ ನೋಡಿ.”

“ಅವಳು ಸ್ಟಡಿ ಬಿಟ್ಟಾಯಿತು ಸರ್.”

“ಇವತ್ತಿನಿಂದ ಬಿಟ್ಟದ್ದು. ಹಿಂದಿನ ಸೊನ್ನೆಗಳು ಹಾಗೇ ಇರುತ್ತವೆ,” ಎಂದು ಪಟವನ್ನು ಎತ್ತಿ ಒರೆಸಿ ನನ್ನ ಕೈಗೆ ಕೊಟ್ಟರು. “ಬನ್ನಿ, ಮುಂದಿನ ಮಂಚ.”

ಮುಂದಿನ ಮಂಚದ ಮೇಲೆ ಅದೇ ಕ್ಯಾಂಪಿನ ಹುಡುಗ. ಪಟ ಕಂಡದ್ದೇ ತಡ, ಕೇಳುವ ಮೊದಲೇ ನಗುವ ಮುಖದ ಕಡೆ ಬೆರಳು ಚಾಚಿದ. ಹಿಂದೆ ಅವನ ತಾಯಿ ಸತ್ಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ಎಲ್ಲ ಸರಿಯಾಯಿತೇ ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

ಪಟವನ್ನು ಮಂಚದ ಕೆಳಗಿನ ಕಸದ ಬಕೀಟಿಗೆ, ಕೀವಿನ ಪಟ್ಟಿಗಳ ಮೇಲೆ ಹಾಕಿದೆ. ಸ್ಟೂಲು ಎಳೆದುಕೊಂಡು ಸತ್ಯಮ್ಮನ ಎದುರು ಕೂತೆ.

“ವೈಶಾಲಿ, ಎಂಥ ಮಾಡುತ್ತಿದ್ದೀರಿ?” ಎಂದು ಗುಣಪಾಲರು ಕೂಗಿದರು.

“ದುಭಾಷಿ ಕೆಲಸ ಸರ್,” ಎಂದೆ. ಆಮೇಲೆ ಸತ್ಯಮ್ಮನ ಕೈ ಹಿಡಿದು ಕೇಳಿದೆ, “ಯವ್ವಾ, ಇದರಾಗ ಇರ್ತೀರೋ, ಒಲ್ಲಿರೋ?”